ಬಾದಾಮಿಗೆ ಕರ್ಸಿ ಪಿಪಿಟಿ ತೋರ್ಸಿದ್ರು!

ಬೇಸಿಗೆ ರಜೆಲಿ ಮೇಷ್ಟ್ರುಗಳಿಗೆ ಕಲೆ-ಇತಿಹಾಸದ ಶಿಬಿರ ಮಾಡೋ ಪುಣ್ಯಾತ್ಮರಿಗೆ ಒಂದೇ ಪ್ರಶ್ನೆ. ಹಾಲ್ ಒಳಗೆ ಕೂರ್ಸಿ ಪ್ರೊಜೆಕ್ಟರ್‌ನಲ್ಲಿ ಗುಹೆ ತೋರ್ಸೋದೇ ಆಗಿದ್ರೆ ನಮ್ಮನ್ನ ಬಾದಾಮಿ ತನಕ ಯಾಕ್ರೀ ಕರ್ಸಿದ್ರಿ? ಆ ಪಿಪಿಟಿನ ವಾಟ್ಸಾಪಲ್ಲಿ ಹಾಕಿದ್ರೆ ಮನೇಲೇ ಫ್ಯಾನ್ ಕೆಳಗೆ ಕೂತು ನೋಡ್ಕೋತಿದ್ವಲ್ಲ.

ಮಾಡಿದೋರ ಹೆಸರು ಹೇಳಲ್ಲ, ಹೇಳಿದ್ರೆ ನಾಳೆ ನಮ್ ಹೆಡ್ಮಾಸ್ಟ್ರಿಗೆ ಫೋನ್ ಹೋಗುತ್ತೆ. ನಾನು ತುಮಕೂರು ಕಡೆಯ ಸೋಶಿಯಲ್ ಮೇಷ್ಟ್ರು, ಎಂಟನೇ ಕ್ಲಾಸಿಗೆ ಚಾಲುಕ್ಯರ ಪಾಠ ಮಾಡ್ತಾ ಬಂದಿದೀನಿ, ಬಾದಾಮಿ ಮಾತ್ರ ನೋಡಿರ್ಲಿಲ್ಲ, ಅದಕ್ಕೇ ಆಸೆ ಪಟ್ಟು ಹೆಸರು ಕೊಟ್ಟು ರಾತ್ರಿಯೆಲ್ಲ ಬಸ್ಸಲ್ಲಿ ತೂಕಡಿಸ್ಕೊಂಡು ಹೋಗಿದ್ದು.

ಮೊದಲ ದಿನ ದೀಪ ಬೆಳಗೋದು, ಶಾಲು, ಹಾರ. "ಇತಿಹಾಸ ಅರಿಯದವರು ಇತಿಹಾಸ ಸೃಷ್ಟಿಸಲಾರರು" ಅನ್ನೋ ಡೈಲಾಗನ್ನ ವೇದಿಕೆ ಮೇಲಿದ್ದೋರೆಲ್ಲ ಒಬ್ರಾದ್ಮೇಲೆ ಒಬ್ರು ಹೊಡೆದ್ರು. ಆಮೇಲೆ ಐಸ್ ಬ್ರೇಕಿಂಗ್ ಅಂತೆ, ರಿಟೈರ್ ಆಗೋಕೆ ಬಂದಿರೋ ಮೇಡಮ್ಮುಗಳ ಕೈಗೆ ಬಲೂನ್ ಕೊಟ್ಟು ಊದ್ಸಿದ್ರು.

ಆಮೇಲೆ ಶುರುವಾಯ್ತು ಸ್ಲೈಡು. ಸಂಪನ್ಮೂಲ ವ್ಯಕ್ತಿಗಳು ಪರದೆ ಕಡೆ ತಿರುಗಿ ನಿಂತು ಅಲ್ಲಿರೋದನ್ನೇ ಓದೋದು, ನಮಗೇನು ಓದೋಕೆ ಬರಲ್ವಾ? ಒಂದು ಸ್ಲೈಡಲ್ಲಿ "ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯ" ಅಂತ ಬರೆದು ಹಂಪಿ ಗೋಪುರದ ಫೋಟೋ ಹಾಕಿದ್ರು! ಪಟ್ಟದಕಲ್ಲಿಂದು ಎಂಟನೇ ಶತಮಾನದ್ದು, ಗಂಡ ಚಾಲುಕ್ಯ ದೊರೆ ಎರಡನೇ ವಿಕ್ರಮಾದಿತ್ಯ ಪಲ್ಲವರ ರಾಜಧಾನಿ ಕಂಚಿ ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಸಿದ್ದು, ಆ ಗೋಪುರ ವಿಜಯನಗರದ ಕಾಲದ್ದು, ನೂರಾರು ವರ್ಷದ ಅಂತರ. ಪಕ್ಕದಲ್ಲಿ ಕೂತಿದ್ದ ಬಾಗಲಕೋಟೆ ಕಡೆಯೋರು ಎದ್ದು "ಸರ, ಫೋಟೋ ತಪ್ಪೈತ್ರಿ" ಅಂದ್ರೆ "ಪ್ರಶ್ನೆಗಳಿಗೆ ಕೊನೆಗೆ ಟೈಮ್ ಇದೆ" ಅಂತ ಮುಂದಿನ ಸ್ಲೈಡಿಗೆ ಹೋದ್ರು. ಆ ಟೈಮ್ ಬರಲೇ ಇಲ್ಲ, ಟೀ ಬಂತು.

ಕಲೆಯ ಸೆಷನ್ ಕಥೆ ಇನ್ನೂ ಚೆನ್ನಾಗಿದೆ. ಮೊದಲನೇ ಗುಹೆಯ ನಟರಾಜನ ಜೆರಾಕ್ಸ್ ಕೊಟ್ಟು ಸ್ಕೆಚ್ ಪೆನ್ನಲ್ಲಿ ಬಣ್ಣ ತುಂಬಿ ಅಂದ್ರು. ಡ್ರಾಯಿಂಗ್ ಮೇಷ್ಟ್ರುಗಳಿಗೆ! ಎಲ್ಕೇಜಿ ಅನ್ಕೊಂಡ್ರಾ ನಮ್ಮನ್ನ? ಆ ನಟರಾಜನಿಗೆ ಹದಿನೆಂಟು ಕೈ, ಬಲಗಡೆದೊಂದು ಎಡಗಡೆದೊಂದು ಕೈ ಜೋಡಿ ಮಾಡ್ಕೊಂಡು ನೋಡ್ತಾ ಹೋದ್ರೆ 81 ಭಂಗಿ ಸಿಗುತ್ತೆ ಅಂತ ಅಲ್ಲಿ ಗೈಡುಗಳೇ ತೋರಿಸ್ತಾರೆ, ಒಂಬತ್ತೊಂಬತ್ಲ ಎಂಬತ್ತೊಂದು. ಮಕ್ಕಳ ಮುಂದೆ ಇದನ್ನ ಮಾಡಿ ತೋರ್ಸಿದ್ರೆ ಲೆಕ್ಕ, ನಾಟ್ಯ, ಶಿಲ್ಪ ಮೂರೂ ಒಂದೇ ಪೀರಿಯಡ್ಡಲ್ಲಿ ಆಗೋಗುತ್ತೆ. ಆ ಮೂರ್ತಿ ನಾವು ಕೂತಿದ್ದ ಹಾಲಿಂದ ನಡೆದು ಹೋಗೋಷ್ಟು ದೂರ, ನಾವು ಇಲ್ಲಿ ಜೆರಾಕ್ಸಿಗೆ ಬಣ್ಣ ಬಳೀತಾ ಇದೀವಿ.

ಕೊನೆ ದಿನ ಕರ್ಕೊಂಡು ಹೋದ್ರು ಅನ್ನಿ. ಯಾವಾಗ? ಊಟ ಆದ್ಮೇಲೆ, ಮೇ ತಿಂಗಳ ಬಿಸಿಲಲ್ಲಿ, ಬಾದಾಮಿಯ ಆ ಕೆಂಪು ಬಂಡೆ ಹೆಂಗೆ ಕಾಯುತ್ತೆ ಅಂತ ಹೋದೋರಿಗೇ ಗೊತ್ತು. ಮೆಟ್ಲು ಹತ್ತಿ ಏದುಸಿರು ಬಿಡ್ತಾ ಮೂರನೇ ಗುಹೆಗೆ ಬಂದ್ವಿ, ಅಲ್ಲಿ ಕ್ರಿ.ಶ. 578ರ, ಚಾಲುಕ್ಯ ಮನೆತನದ ಮಂಗಳೇಶನ ಶಾಸನ ಇದೆ, ಗುಹೆ ಯಾವಾಗ ಆಯ್ತು ಅಂತ ಇಸವಿ ಸಮೇತ ಹೇಳೋ ಶಾಸನ, ಅದನ್ನ ಹುಡುಕ್ತಾ ನಿಂತಿದ್ರೆ "ಸರ್ ಬನ್ನಿ ಬನ್ನಿ, ಬ್ಯಾನರ್ ಹಿಡ್ಕೊಳ್ಳಿ, ಗ್ರೂಪ್ ಫೋಟೋ". ಇವರ ಫೋಟೋ ಮುಗಿಯೋದ್ರೊಳಗೆ ಒಬ್ಬ ಮೇಡಂ ಕೈಚೀಲ ಕೋತಿ ಪಾಲಾಗಿತ್ತು.

ಗುಹೆ ಕೆಳಗಿರೋ ಅಗಸ್ತ್ಯತೀರ್ಥ ಕೆರೆಯ ಆಚೆ ದಡಕ್ಕೆ ಹೋಗಲೇ ಇಲ್ಲ. ಕಪ್ಪೆ ಅರಭಟ್ಟನ ಶಾಸನ ಇರೋದು ಆ ಕಡೆ ಬಂಡೆ ಮೇಲೆ, ಕನ್ನಡ ತ್ರಿಪದಿ, ಅಂದ್ರೆ ಮೂರು ಸಾಲಿನ ಪದ್ಯ, ಅಂದಾಗ ಮೊದಲು ನೆನಪಾಗೋದೇ ಅದು. ಅದರಲ್ಲಿರೋ "ಸಾಧುಗೆ ಸಾಧು" ಸಾಲನ್ನ ನಾಲಿಗೆ ತುದೀಲಿ ಇಟ್ಕೊಂಡು ಬಂದಿದ್ದ ಕನ್ನಡ ಮೇಡಮ್ಮಿಗೆ ಅದರ ದರ್ಶನವೇ ಆಗ್ಲಿಲ್ಲ. ಪಲ್ಲವರ ದೊರೆ ನರಸಿಂಹವರ್ಮ ವಾತಾಪಿ (ಬಾದಾಮಿಯ ಹಳೇ ಹೆಸರು) ಗೆದ್ದು ಕೆತ್ತಿಸಿದ ಶಾಸನ ಕೂಡ ಬಾದಾಮಿ ಬಂಡೆ ಮೇಲೇ ಇದೆ, ಒಂದು ಶತಮಾನ ಆದ್ಮೇಲೆ ನಮ್ ವಿಕ್ರಮಾದಿತ್ಯ ಕಂಚಿಗೇ ಹೋಗಿ ಕೈಲಾಸನಾಥ ಗುಡೀಲಿ ಕನ್ನಡದಲ್ಲಿ ಕೆತ್ತಿಸಿ ಬಂದ, ಅದೂ ಲೂಟಿ ಮಾಡ್ದೆ ದೇವರ ಸೊತ್ತು ದೇವರಿಗೇ ಬಿಟ್ಟು. ಈ ಎರಡು ಕಲ್ಲಿನ ಕಥೆ ಹೇಳಿದ್ರೆ ಹಿಂದಿನ ಬೆಂಚಿನ ಹುಡುಗನೂ ಫೋನ್ ಮರೆತು ಕೇಳ್ತಾನೆ ಕಣ್ರೀ! ಅದು ಬಿಟ್ಟು ನಮಗೆ "ಆಕರಗಳ ವಿಧಗಳು" ಅಂತ ಚಾರ್ಟ್ ಬರೆಸಿದ್ರು.

ಪಟ್ಟದಕಲ್ಲು 22 ಕಿಲೋಮೀಟರ್ ಅಷ್ಟೇ, ವೇಳಾಪಟ್ಟೀಲಿ ಇತ್ತು, ಬಸ್ ಬರಲಿಲ್ಲ ಅಂತ ಕ್ಯಾನ್ಸಲ್. ಸಮಾರೋಪಕ್ಕೆ ಬರೋ ಅತಿಥಿಗಳ ಕಾರು ಮಾತ್ರ ಟೈಮಿಗೆ ಸರಿಯಾಗಿ ಬಂತು.

ಇನ್ನು ಊರೋರೆಲ್ಲ "ನಿಮಗೇನ್ರಪ್ಪ ಎರಡು ತಿಂಗಳು ರಜೆ" ಅಂತಾರೆ. ಆ ರಜೆ ಇದೆ ಅಂತಾನೇ ನಮಗೆ ಬೇರೆ ನೌಕರರಷ್ಟು ಗಳಿಕೆ ರಜೆ ಕೊಡಲ್ಲ, ಇರೋ ರಜೆನೂ ಹಿಂಗೆ ತಿಂದಾಕಿದ್ರೆ ಅದನ್ನ ಯಾರು ಲೆಕ್ಕ ಹಿಡೀತಾರೆ ಅಂತ ಕೇಳಿದ್ದಕ್ಕೆ "ನಿಮ್ ಆಫೀಸಲ್ಲಿ ವಿಚಾರಿಸಿ" ಅಂದ್ರು.

ಸರ್ಟಿಫಿಕೇಟ್ ಬೇಕಂದ್ರೆ ಗೂಗಲ್ ಫಾರ್ಮ್ ತುಂಬ್ಲೇಬೇಕಂತೆ, ಅದರಲ್ಲಿ ಬರೀ ಸ್ಟಾರ್ ಒತ್ತೋದು, ಸಲಹೆ ಬರೆಯೋಕೆ ಜಾಗಾನೇ ಇಟ್ಟಿಲ್ಲ. ಅದಕ್ಕೇ ಇಲ್ಲಿ ಬರೀತಿದೀನಿ, ಆ ಕಡೆಯೋರು ಯಾರಾದ್ರೂ ಓದಿದ್ರೆ ಓದ್ಕೊಳ್ಳಿ: ಬೆಳಿಗ್ಗೆ ಗೇಟ್ ತೆಗೆದ ತಕ್ಷಣ ಗುಹೆಗೆ ಬಿಡಿ, ಶಾಸನ ಓದೋಕೆ ಬರೋ ಒಬ್ಬರನ್ನ ಜೊತೆಗೆ ಕಳ್ಸಿ, ಬಿಸಿಲು ಏರಿದ್ಮೇಲೆ ಹಾಲಿಗೆ ಕರ್ಕೊಂಡು ಬಂದು ಎಷ್ಟು ಸ್ಲೈಡ್ ಬೇಕಾದ್ರೂ ತೋರ್ಸ್ಕೊಳ್ಳಿ. ಬಲೂನ್ ಬೇಡ.