ಸ್ಪಷ್ಟನೆ: ಆ ಮಾತು ಕಾರ್ಯಪ್ಪನವರದ್ದಲ್ಲ

ಕಳೆದ ವಾರ ನಮ್ಮ ವಸಂತನರಸಾಪುರ ಕೈಗಾರಿಕಾ ಪ್ರದೇಶದ ಸೂಪರ್‌ವೈಸರ್‌ಗಳ ವಾಟ್ಸಾಪ್ ಗ್ರೂಪಿಗೆ ನಾನೇ ಒಂದು ಮೆಸೇಜ್ ಹಾಕಿದ್ದೆ. 'ಮೊದಲು ದೇಶ, ಆಮೇಲೆ ನಿಮ್ಮ ಕೈಕೆಳಗಿನವರು, ನಿಮ್ಮ ಸುಖ ಯಾವಾಗಲೂ ಕೊನೆಗೆ' ಅಂತ 1949ರಲ್ಲಿ ಜನರಲ್ ಕಾರ್ಯಪ್ಪ ಹೇಳಿದರು ಎಂದು ಅದರಲ್ಲಿತ್ತು. ಈಗ ಅದು ತುಮಕೂರಿನ ಬೇರೆ ಗ್ರೂಪುಗಳಲ್ಲೂ ಓಡಾಡುತ್ತಿದೆ.

ಅದು ತಪ್ಪು. ಈ ಮಾತು ಬ್ರಿಟಿಷರ ಕಾಲದ ಭಾರತದ ಸೇನಾ ಮುಖ್ಯಸ್ಥ ಫಿಲಿಪ್ ಚೆಟ್‌ವುಡ್ ಅವರದ್ದು. 1932ರ ಡಿಸೆಂಬರ್ 10ರಂದು ಡೆಹ್ರಾಡೂನಿನ ಭಾರತೀಯ ಮಿಲಿಟರಿ ಅಕಾಡೆಮಿಯ ಉದ್ಘಾಟನೆಯಲ್ಲಿ ಆಡಿದ್ದು. ಅಲ್ಲಿನ ಚೆಟ್‌ವುಡ್ ಹಾಲ್‌ನಲ್ಲಿ ಇವತ್ತಿಗೂ ಕೆತ್ತಿಟ್ಟಿದ್ದಾರೆ. ಕಾರ್ಯಪ್ಪನವರು ಮೊದಲ ಭಾರತೀಯ ಸೇನಾ ಮುಖ್ಯಸ್ಥರಾದದ್ದು 1949ರ ಜನವರಿ 15ರಂದು. ನಮ್ಮ ಕೊಡಗಿನವರು ಅನ್ನೋ ಅಭಿಮಾನಕ್ಕೆ ನಾನು ಸುಮ್ನೆ ನಂಬಿಬಿಟ್ಟೆ.

ಇನ್ನೊಂದು. ಮೆಸೇಜಿನ ಕೊನೆಗೆ 'ಆದ್ದರಿಂದ ಮೇಲಿನವರಿಗೆ ಎದುರಾಡಬೇಡಿ' ಅಂತ ಯಾರೋ ಸೇರಿಸಿದ್ದಾರೆ. ಕೆತ್ತಿರುವ ಮೂರು ಸಾಲಿನಲ್ಲಿ ಅದು ಇಲ್ಲವೇ ಇಲ್ಲ. ಅವು ಹೇಳುವುದು ಅಧಿಕಾರಿಯ ಕರ್ತವ್ಯ. ನಮ್ಮ ಲೆಕ್ಕದಲ್ಲಿ ಹೇಳೋದಾದರೆ, ನೈಟ್ ಶಿಫ್ಟಿನ ಹುಡುಗರ ಊಟ ಆಗಿದೆಯಾ ಅಂತ ನೋಡಿದ ಮೇಲೆ ನಮ್ಮ ಊಟ. ಪೂರ್ತಿ ಉಲ್ಟಾ ಅರ್ಥ ಅಲ್ವಾ?

ನಾನು ಹಾಕಿದ್ದನ್ನು ಅಳಿಸಿದ್ದೇನೆ. ನಿಮಗೆ ಬಂದಿದ್ದರೆ ದಯವಿಟ್ಟು ಮುಂದೆ ಕಳಿಸಬೇಡಿ. ಕಳಿಸಿದ್ದರೆ ಅದೇ ಗ್ರೂಪಿಗೆ ಇದನ್ನೂ ಹಾಕಿ.