ಅದು ಬೇರೆ ಆಗುತ್ತೆ ಸರ್

"ಅದು ಬೇರೆ ಆಗುತ್ತೆ ಸರ್" ಅಂತ ಇನ್ನೊಂದ್ಸಲ ಯಾರಾದ್ರೂ ನನ್ನೆದುರು ಅಂದ್ರೆ, ಕೈಲಿರೋ ಸೋಲ್ಡರಿಂಗ್ ಐರನ್ ಎಲ್ಲಿ ಹೋಗಿ ಬೀಳುತ್ತೋ ನಾನು ಜವಾಬ್ದಾರನಲ್ಲ.

ಪೀಣ್ಯದಲ್ಲಿ ಒಂದು ಸಣ್ಣ ಶೆಡ್ಡು, ಆರು ಜನ. ಬೋರ್‌ವೆಲ್ ಮೋಟ್ರು, ತೊಟ್ಟಿ ನೀರು, ಮಣ್ಣಿನ ತೇವ, ಇವುಗಳ ಲೆಕ್ಕವನ್ನ ಲೋರಾ ಅನ್ನೋ, ಕಡಿಮೆ ಕರೆಂಟಲ್ಲಿ ದೂರ ಮುಟ್ಟೋ ರೇಡಿಯೊದಲ್ಲಿ ಹಿಡಿದು ಇಂಟರ್ನೆಟ್ಟಿಗೆ ಕಳಿಸೋ ಗೇಟ್‌ವೇ ಮಾಡ್ತೀವಿ. ಕೋಲಾರದ ಕಡೆ ತೋಟಗಳಲ್ಲಿ ವರ್ಷಗಳಿಂದ ಓಡ್ತಿದೆ. 2025ರ ಮಾರ್ಚಲ್ಲಿ ನೆದರ್ಲೆಂಡ್ಸಿನಿಂದ, ಗಾಜಿನ ಮನೇಲಿ ಟೊಮೇಟೊ ಬೆಳೆಯೋರಿಗೆ ಸಾಮಾನು ಮಾರೋ ಒಬ್ರು 200 ಪೀಸ್ ಕೇಳಿದ್ರು. ಸಿಇ (ಯುರೋಪಿನ ನಿಯಮಕ್ಕೆ ಸರಿಯಿದೆ ಅನ್ನೋ ಗುರುತು) ಮಾಡಿಸಿ ಕಳಿಸಿ, ಅಷ್ಟೇ ಅಂದ್ರು. ಅಷ್ಟೇ!

ಒಳಗಿನ ರೇಡಿಯೊ ಮಾಡ್ಯೂಲ್ ಮಾರಿದವನು "ನಮ್ಮದಕ್ಕೆ ಸಿಇ ಇದೆ ಸರ್, ನೀವು ಸ್ಟಿಕ್ಕರ್ ಅಂಟಿಸಿದ್ರೆ ಮುಗೀತು" ಅಂದಿದ್ದ. ಹಿಟ್ಟಿನ ಪ್ಯಾಕೆಟ್ ಮೇಲೆ ಅಗ್‌ಮಾರ್ಕ್ ಇದೆ, ಹೋಟೆಲಿಗೆ ಲೈಸೆನ್ಸ್ ಯಾಕೆ ಅಂದಂಗೆ. ನನ್ನ ಡಬ್ಬಿ, ನನ್ನ ಪವರ್ ಸಪ್ಲೈ, ನನ್ನ ಆಂಟೆನಾ ಸೇರಿದ ಮೇಲೆ ಅದರ ತಯಾರಕ ನಾನು, ಹೊಣೆಯೂ ನಂದೇ.

ಅಲ್ಲಿನ ನಿಯಮದ ಮೇಲೆ ನಂಗೆ ಸಿಟ್ಟಿಲ್ಲ. ನಮ್ಮಲ್ಲಿ 865 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಲೈಸೆನ್ಸ್ ಇಲ್ಲದೆ 1 ವ್ಯಾಟ್ ಬಿಡಬಹುದು. ಅಲ್ಲಿ 868ರಲ್ಲಿ 25 ಮಿಲಿವ್ಯಾಟ್, ಅದೂ ಗಂಟೆಗೆ ಶೇಕಡಾ 1, ಅಂದ್ರೆ 36 ಸೆಕೆಂಡು ಮಾತಾಡಿ ಬಾಯಿ ಮುಚ್ಕೋಬೇಕು. ಸರಿ, ಅವರ ಊರು, ಅವರ ಆಕಾಶ. ಮಾವಿನ ತೋಪಿನಾಚೆಗೂ ಮುಟ್ಟಲಿ ಅಂತ ಹಾಕಿದ್ದ ಆಂಪ್ಲಿಫೈಯರ್ ಕಿತ್ತೆ, ಬೋರ್ಡು ಹೊಸದಾಗಿ ಹಾಕಿಸಿದೆ.

ಸಿಟ್ಟು ನಡುವೆ ಕೂತಿರೋರ ಮೇಲೆ. ಕನ್ಸಲ್ಟೆಂಟ್ ಅಂತ ಒಬ್ಬ ಸಿಕ್ಕ. ಕೊಟೇಶನ್ನಿನಲ್ಲಿ ದಪ್ಪಕ್ಷರದಲ್ಲಿ "ಸಂಪೂರ್ಣ ಸಿಇ ಪ್ಯಾಕೇಜ್". ಅಡ್ವಾನ್ಸ್ ಹೋಯ್ತು. ಲೋರಾ ಟೆಸ್ಟ್ ಆಯ್ತಲ್ಲ, ವೈಫೈದು? "ಅದು ಬೇರೆ ಆಗುತ್ತೆ ಸರ್." ಎಲೆಕ್ಟ್ರಿಕಲ್ ಸೇಫ್ಟಿ? ಬೇರೆ. ಟೆಸ್ಟ್ ಚೇಂಬರ್ ಬಾಡಿಗೆ ಗಂಟೆ ಲೆಕ್ಕ, ಬೇರೆ. 868ರ ದುಪ್ಪಟ್ಟು, 1736 ಮೆಗಾಹರ್ಟ್ಸಲ್ಲಿ ಸೋರೋ ಸಿಗ್ನಲ್ಲು, ಎರಡನೇ ಹಾರ್ಮೋನಿಕ್ ಅಂತಾರೆ, ಮಿತಿ ದಾಟ್ತು (ಮಿತಿ ಎಷ್ಟು ಗೊತ್ತಾ, 1 ಮೈಕ್ರೋವ್ಯಾಟ್), ಒಂದು ಕೆಪಾಸಿಟರ್ ಬದಲಾಯಿಸಿ ತಂದೆ, ಮರುಪರೀಕ್ಷೆ ಬೇರೆ. ಸಂಪೂರ್ಣ ಅಂದ್ರಲ್ಲಪ್ಪ ಅಂದ್ರೆ, "ಡಾಕ್ಯುಮೆಂಟೇಶನ್ ಸಂಪೂರ್ಣ ಸರ್" ಅಂತಾನೆ!

ಆಮೇಲೆ ವಿಳಾಸದ ಕಥೆ. ಯುರೋಪಿನೊಳಗೆ ನಿಮ್ಮ ಪರವಾಗಿ ಹೊಣೆ ಹೊರೋರು ಒಬ್ಬರಿರಬೇಕು, ನಮ್ಮ ಕಡೆಯೋರಿದ್ದಾರೆ, ವರ್ಷಕ್ಕಿಷ್ಟು ಯೂರೊ ಅಂದ. ಇರಬೇಕು ನಿಜ, 2021ರ ಜುಲೈಯಿಂದ ಕಡ್ಡಾಯ. ಆದ್ರೆ ತರಿಸ್ಕೊಳ್ಳೋ ಆಮದುದಾರನೇ ಆ ಜಾಗದಲ್ಲಿ ನಿಲ್ಲಬಹುದು ಅಂತ ಅದೇ ಕಾನೂನಲ್ಲಿದೆ. ಡಚ್ಚಿನವರಿಗೆ ಒಂದು ಮೇಲ್ ಹಾಕಿದೆ, ಒಂದು ಪೈಸೆ ಇಲ್ಲದೆ ಒಪ್ಕೊಂಡ್ರು.

ಇನ್ನೊಂದು ತಮಾಷೆ. ಇಷ್ಟೆಲ್ಲ ಆದ್ಮೇಲೆ ಸರ್ಟಿಫಿಕೇಟ್ ಯಾವ ಸರ್ಕಾರಾನೂ ಕೊಡಲ್ಲ. ನನ್ನ ಲೆಟರ್‌ಹೆಡ್ಡಿನಲ್ಲಿ, ಸಾಮಾನು 2014/53/ಇಯು ಕಾನೂನಿಗೆ ಸರಿಯಿದೆ ಅಂತ ನಾನೇ ಬರೆದು ನಾನೇ ಸಹಿ ಹಾಕಬೇಕು. ಈ ಪುಣ್ಯಾತ್ಮ ಬಂಗಾರದಂಚಿನ ಒಂದು ಹಾಳೆ ಲ್ಯಾಮಿನೇಟ್ ಮಾಡಿ ಕೊಟ್ಟಿದ್ದಾನೆ, ಗೋಡೆಗೆ ಮೊಳೆ ಹೊಡೆಯೋಕೆ ಬಿಟ್ರೆ ಬೇರೇನಕ್ಕೂ ಬರಲ್ಲ.

ಜುಲೈ ಮಧ್ಯದಲ್ಲಿ ಫೋನು. "ಸರ್, ಆಗಸ್ಟ್ 1ರಿಂದ ಸೈಬರ್ ಸೆಕ್ಯುರಿಟಿ ನಿಯಮ ಬರುತ್ತೆ, ನಿಮ್ದು ಇಂಟರ್ನೆಟ್‌ಗೆ ಸೇರೋ ಡಿವೈಸು, ಅದು ಬೇರೆ ಆಗುತ್ತೆ." ಅಲ್ಲಯ್ಯಾ, ಆ ನಿಯಮ ಪ್ರಕಟವಾಗಿದ್ದು 2022ರ ಜನವರಿಯಲ್ಲಿ! 2024ರ ಆಗಸ್ಟಿಗೆ ಅಂತಿದ್ದದ್ದನ್ನ ಒಂದು ವರ್ಷ ಮುಂದಕ್ಕೂ ಹಾಕಿದ್ರು. ಮಾರ್ಚಲ್ಲಿ ನನ್ನ ಟೇಬಲ್ ಮುಂದೆ ಕೂತು ಎರಡು ಕಾಫಿ ಕುಡಿದಾಗ ಇದು ಬಾಯಿಗೆ ಬರಲಿಲ್ವಾ? ಮೇಲಾಗಿ, ನಮ್ಮ ಸಾಮಾನಿಗೆ ಸ್ವಂತ ಘೋಷಣೆ ನಡೆಯಲ್ಲ, ಯುರೋಪಿನ ನೋಟಿಫೈಡ್ ಬಾಡಿಗೇ (ಅಲ್ಲಿನ ಸರ್ಕಾರ ಒಪ್ಪಿದ ತಪಾಸಣಾ ಸಂಸ್ಥೆ) ಹೋಗಬೇಕು ಅಂತ ಇನ್ನೊಂದು ಕೊಟೇಶನ್ನು. ಮೊತ್ತ ನೋಡಿ ಹೆಂಡ್ತಿ "200 ಪೀಸ್ ಸುಮ್ನೆ ದಾನ ಮಾಡ್ಬಿಡಿ, ಪುಣ್ಯನಾದ್ರೂ ಬರುತ್ತೆ" ಅಂದ್ಲು.

ರಾತ್ರಿ ಕೂತು ನಾನೇ ಓದಿದೆ. ಇಎನ್ 18031-1 ಅಂತ ಮಾನದಂಡ. ಅದನ್ನ ಪೂರ್ತಿ ಪಾಲಿಸಿದ್ರೆ ನಾವೇ ಘೋಷಿಸ್ಕೋಬಹುದು. ಆದ್ರೆ 2025ರ ಜನವರಿಯಲ್ಲಿ ಅದನ್ನ ಒಪ್ಪುವಾಗ ಒಂದು ಕೊಕ್ಕೆ ಇಟ್ಟಿದ್ದಾರೆ: ಬಳಸೋರು ಪಾಸ್‌ವರ್ಡ್ ಹಾಕದೇನೂ ಇರಬಹುದು ಅಂತ ಬಿಟ್ಟಿದ್ರೆ ಆ ಸವಲತ್ತಿಲ್ಲ. ನಮ್ಮ ಸೆಟಪ್ ಪರದೆಯಲ್ಲಿ "ಆಮೇಲೆ ನೋಡ್ಕೊಳ್ಳೋಣ" ಅಂತೊಂದು ಬಟನ್ ಇತ್ತು. ಅದೊಂದೇ! ಬಟನ್ ತೆಗೆಯೋಕೆ ನಮ್ಮ ಹುಡುಗನಿಗೆ ಒಂದು ಮಧ್ಯಾಹ್ನ ಸಾಕಾಯ್ತು. ಉಳಿದ ಕಡತ ಬರೆಯೋಕೆ ಏಳು ವಾರ ಹೋಯ್ತು, ಡಚ್ಚಿನವರು 200 ಇದ್ದದ್ದನ್ನ 80ಕ್ಕಿಳಿಸಿದ್ರು.

ಕನ್ಸಲ್ಟೆಂಟಿಗೆ ಫೋನ್ ಮಾಡಿ ಈ ಬಟನ್ ವಿಷಯ ಯಾಕಪ್ಪ ಹೇಳಲಿಲ್ಲ ಅಂದೆ. "ಫರ್ಮ್‌ವೇರ್ ಸಲಹೆ ನಮ್ಮ ಸ್ಕೋಪಲ್ಲಿಲ್ಲ ಸರ್, ಅದು..."

ಫೋನ್ ಇಟ್ಟೆ.

ಎರಡೆರಡು ಫರ್ಮ್‌ವೇರ್ (ಡಬ್ಬಿಯೊಳಗಿನ ಸಾಫ್ಟ್‌ವೇರ್) ನೋಡ್ಕೊಳ್ಳೋ ಶಕ್ತಿ ಇಲ್ಲ ಅಂತ ಇಲ್ಲಿಗೂ ಬಟನ್ ತೆಗೆದದ್ದನ್ನೇ ಹಾಕಿದ್ವಿ. ಈಗ ಬೆಳಗ್ಗೆ ಆರಕ್ಕೇ ಮುಳಬಾಗಿಲು ಕಡೆಯಿಂದ ಫೋನು: "ಏನ್ಸಾಮಿ, ನನ್ ಬೋರ್‌ವೆಲ್ಲು, ನನ್ ಮೋಟ್ರು, ನೋಡಕ್ಕೂ ಪಾಸ್‌ವರ್ಡಾ?"