ದೀಪಕ್ಕೆ ಕಾಗದದ ಬಿಳಿಯನ್ನೇ ಬಿಡಿ

ಡಿಸೆಂಬರ್ 1ರಿಂದ 24ರವರೆಗೆ ಚಿತ್ರದ ಪುಸ್ತಕದಲ್ಲಿ ದಿನಕ್ಕೊಂದು ಕ್ರಿಸ್‌ಮಸ್ ಚಿತ್ರ ಬಿಡಿಸಿ ಅಂತ ನಿಮ್ಮ ಲೇಖನದಲ್ಲಿ ಹೇಳಿದ್ದೀರಿ. ನಾನೂ ಹೋದ ವರ್ಷ ಹೀಗೇ ಶುರು ಮಾಡಿದ್ದೆ. ಒಂಬತ್ತನೇ ದಿನಕ್ಕೆ ಕೈಬಿಟ್ಟೆ. ತಪ್ಪು ನನ್ನದೇ, ಪ್ರತಿ ಪುಟವನ್ನೂ ಗ್ರೀಟಿಂಗ್ ಕಾರ್ಡ್ ಥರ ಮಾಡಲು ಹೊರಟಿದ್ದೆ. ಸುಮ್ನೆ ಐದು ನಿಮಿಷ ಗೀಚಿದ್ದರೆ ಸಾಕಿತ್ತು.

ದೀಪದ ಸರಗಳ ಬಗ್ಗೆ ನೀವು ಒಂದೇ ಸಾಲು ಬರೆದು ಮುಂದೆ ಹೋಗಿದ್ದೀರಿ. ಅದೇ ಅಲ್ವಾ ಕಷ್ಟದ ಕೆಲಸ? ಜಲವರ್ಣದಲ್ಲಿ ಬೆಳಕನ್ನು ಆಮೇಲೆ ಸೇರಿಸುವುದು ಕಷ್ಟ, ಮೊದಲೇ ಉಳಿಸಿಕೊಳ್ಳಬೇಕು. ನಾನು ದೀಪ ಇರುವ ಕಡೆ ಬಿಳಿ ಮೇಣದ ಕ್ರೇಯಾನ್‌ನಿಂದ ಚುಕ್ಕಿ ಒತ್ತುತ್ತೇನೆ. ಸುತ್ತ ತೆಳು ಹಳದಿ ಬಳಿದು, ಅದು ಒಣಗಿದ ಮೇಲೆ ಹೊರಗಡೆ ಕಡುನೀಲಿ ಹಚ್ಚುತ್ತೇನೆ. ಮೇಣ ನೀರನ್ನು ಹತ್ತಿರ ಸೇರಿಸುವುದಿಲ್ಲ, ಚುಕ್ಕಿ ಬೆಳ್ಳಗೇ ಉಳಿಯುತ್ತದೆ. ಸುತ್ತ ಕತ್ತಲು ಜಾಸ್ತಿಯಾದಷ್ಟೂ ದೀಪ ಹೊಳೆಯುತ್ತದೆ. ಆದರೆ ಹಳದಿಯ ಮೇಲೆ ನೀಲಿ ಹರಿದರೆ ಹಸಿರಾಗಿಬಿಡುತ್ತದೆ, ಅಂಚಿನಲ್ಲಿ ಜೋಪಾನ. ಇಷ್ಟು ತಾಳ್ಮೆ ಇಲ್ಲದವರು ಕಂದು ಕಾಗದದ ಪುಸ್ತಕ ತೆಗೆದುಕೊಳ್ಳಲಿ, ಕೊನೆಯಲ್ಲಿ ಬಿಳಿ ಜೆಲ್ ಪೆನ್ನಿನಿಂದ ಚುಕ್ಕಿ ಇಟ್ಟರಾಯಿತು.

ಹಾಂ, ಮೊದಲು ಗೆರೆ ಎಳೆಯುವ ಪೆನ್ನಿನ ಇಂಕು ವಾಟರ್‌ಪ್ರೂಫ್ ಇರಲಿ. ಇಲ್ಲದಿದ್ದರೆ ಬಣ್ಣ ಹಚ್ಚುವಾಗ ಗೆರೆಯೆಲ್ಲ ಕಲಸಿಹೋಗುತ್ತದೆ.

ನನಗೆ ಇಡೀ ಕ್ರಿಸ್‌ಮಸ್ ಮರಕ್ಕಿಂತ ಅದಕ್ಕೆ ತೂಗುಹಾಕುವ ಹೊಳೆಯುವ ಗುಂಡು ಬಿಡಿಸುವುದೇ ಇಷ್ಟ. ಅದರೊಳಗೆ ಕೋಣೆ, ಕಿಟಕಿ ಎಲ್ಲ ಬಾಗಿ ಕಾಣುತ್ತವೆ. ನಡುವೆ ದಪ್ಪ ಮೂಗಿನ ನಾವೇ ಪೆನ್ಸಿಲ್ ಹಿಡಿದು ಕೂತಿರುತ್ತೇವೆ! ಈ ಸಲ ನನ್ನ ಮೊದಲ ಪುಟ ಅದೇ.